ನೆರೆ ಇಳಿದ ಮೇಲಿನ ಹೊಳೆ

ನೀರು ಏರುವುದನ್ನು ಹೇಳಲು ನಮ್ಮಲ್ಲಿ ಮಾತಿಗೆ ಬರವಿಲ್ಲ. ಕನ್ನಡದ ನೆರೆ, ತುಳುವಿನ ಬೊಳ್ಳ, ಮಲೆಯಾಳದ ವೆಳ್ಳಪ್ಪೊಕ್ಕ, ಸಂಸ್ಕೃತದಿಂದ ಬಂದ ಪ್ರವಾಹ ಮತ್ತು ಪ್ರಳಯ – ಗಡಿನಾಡಿನ ಒಂದೇ ಮನೆಯ ಜಗಲಿಯಲ್ಲಿ ಈ ಐದು ಶಬ್ದಗಳೂ ಒಂದೇ ಸಂಜೆ ಕೇಳಿಬರಬಹುದು. ಆದರೆ ನೀರು ಇಳಿದ ಮೇಲಿನ ಕಥೆ ಹೇಳಬೇಕಾದ ಹೊತ್ತಿಗೆ ನಮ್ಮ ಕಥೆಗಾರರೂ ಕವಿಗಳೂ ಸಾಮಾನ್ಯವಾಗಿ ಎದ್ದುಹೋಗಿರುತ್ತಾರೆ. ಅಂಗಳದಲ್ಲಿ ಮೊಣಕಾಲಿನವರೆಗಿನ ಕೆಸರು, ಬಾವಿಗಿಳಿದ ಕೊಳಕು, ತೋಡಿನ ಬಾಯಿಗೆ ಅಡ್ಡಬಿದ್ದ ಮರ, ಹಳೆಯ ಪಾತ್ರ ಬಿಟ್ಟು ಗದ್ದೆಯಲ್ಲಿ ಹರಿಯತೊಡಗಿದ ಹೊಳೆ – ಇವೆಲ್ಲ ಪಂಚಾಯತಿನ ಕಡತಕ್ಕೂ ಪತ್ರಿಕೆಯ ಒಳಪುಟಕ್ಕೂ ಸೇರಿದ ಸಂಗತಿಗಳೆಂದು ಬಿಟ್ಟುಬಿಟ್ಟಿದ್ದೇವೆ. ಇದರಿಂದ ಸಾಹಿತ್ಯಕ್ಕೆ ನಷ್ಟವಾಗಿದೆ. ಹೊಳೆಯನ್ನು ಸರಿಪಡಿಸುವ ಕೆಲಸ ಆಗಾಗ ದಾರಿ ತಪ್ಪುವುದರಲ್ಲೂ ಈ ಮೌನದ ಪಾಲಿದೆ ಎಂಬುದು ನನ್ನ ಅಭಿಪ್ರಾಯ. ಎರಡೂ ಭಾಷೆಗಳ ಕೆಲವು ಕೃತಿಗಳನ್ನು ಎದುರಿಗಿಟ್ಟುಕೊಂಡು ಇದನ್ನು ನೋಡಬಹುದು.

ಮಲೆಯಾಳದಲ್ಲಿ ನೆರೆಯ ಕಥೆಯೆಂದರೆ ಮೊದಲು ನೆನಪಾಗುವುದು ತಕಳಿ ಶಿವಶಂಕರ ಪಿಳ್ಳೆಯವರ ‘ವೆಳ್ಳಪ್ಪೊಕ್ಕತ್ತಿಲ್’. ಕೊಲ್ಲವರ್ಷ 1099ರ, ಎಂದರೆ 1924ರ ಮಹಾ ನೆರೆಯ ನೆನಪು ಅದರ ಹಿಂದಿದೆ. ಮೂನಾರಿನ ಪೇಟೆಯನ್ನೂ ಅಲ್ಲಿಯ ರೈಲುದಾರಿಯನ್ನೂ ಅಳಿಸಿಹಾಕಿದ ನೆರೆ ಅದು. ನಮ್ಮ ಕಡೆಯ ಹಿರಿಯರು ಅದಕ್ಕಿಂತ ಒಂದು ವರ್ಷ ಹಿಂದಿನ, 1923ರ ನೇತ್ರಾವತಿಯ ಮಾರಿಬೊಳ್ಳವನ್ನು ಹೇಳುತ್ತಿದ್ದರು. ಬಂಟವಾಳ, ಪಾಣೆಮಂಗಳೂರುಗಳ ಕಥೆ ಅದು. ತಕಳಿಯವರ ಕಥೆ ಆರಂಭವಾಗುವುದು ಊರಿಗೆಲ್ಲ ಎತ್ತರದ ಜಾಗವಾದ ದೇವಸ್ಥಾನದಲ್ಲಿ. ದೇವರೇ ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತಿದ್ದಾನೆ. ಪರಯ ಜಾತಿಯ ಚೇನ್ನ ಬಸುರಿ ಹೆಂಡತಿ, ಮಕ್ಕಳು, ಬೆಕ್ಕು, ನಾಯಿಗಳೊಂದಿಗೆ ಗುಡಿಸಲಿನ ಮಾಡನ್ನೇರಿದ್ದಾನೆ. ದೋಣಿ ಬರುತ್ತದೆ, ಮನುಷ್ಯರು ಹೋಗುತ್ತಾರೆ, ನಾಯಿ ಉಳಿಯುತ್ತದೆ. ಯಾರೂ ಇಲ್ಲದ ಮನೆಯನ್ನು ಆ ನಾಯಿ ಕಾಯುತ್ತದೆ; ಕಳ್ಳರನ್ನು ಬೊಗಳಿ ಓಡಿಸುತ್ತದೆ; ಕೊನೆಗೆ ನೀರಿನ ಪಾಲಾಗುತ್ತದೆ.

ಈ ಕಥೆಯನ್ನು ಪಾಠವಾಗಿ ಓದಿದವರು ನಾಯಿಯ ಸ್ವಾಮಿಭಕ್ತಿಯನ್ನು ಕೊಂಡಾಡಿ ನಿಲ್ಲಿಸುವುದೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಅದರ ಕೊನೆ. ನೀರು ಇಳಿಯತೊಡಗಿದಾಗ ಚೇನ್ನ ನಾಯಿಯನ್ನು ಹುಡುಕಿಕೊಂಡು ಹಿಂದೆ ಬರುತ್ತಾನೆ. ಒಂದು ನಾಯಿಯ ಹೆಣ ಬಿದ್ದಿದೆ. ಕಾಲ ಬೆರಳಿನಿಂದ ಮಗುಚಿ ನೋಡುತ್ತಾನೆ. ತನ್ನದೇ ಇರಬಹುದೆಂಬ ಅನುಮಾನ. ಆದರೆ ಒಂದು ಕಿವಿ ಇಲ್ಲ, ಚರ್ಮ ಕೊಳೆತು ಬಣ್ಣ ಗುರುತು ಸಿಗುವುದಿಲ್ಲ. ಅಷ್ಟಕ್ಕೆ ಕಥೆ ಮುಗಿಯುತ್ತದೆ. ನೆರೆ ಇಳಿದ ಮೇಲಿನ ಜಗತ್ತು ಹೇಗಿರುತ್ತದೆಂಬುದು ಈ ಕೆಲವು ವಾಕ್ಯಗಳಲ್ಲಿದೆ: ತನ್ನದನ್ನು ತನ್ನದೆಂದು ಗುರುತಿಸಲಾಗದ ಸ್ಥಿತಿ. ಗುಡಿಸಲಿನ ಜಾಗ, ಗದ್ದೆಯ ಹುಣಿ, ತೋಡಿನ ದಾರಿ ಯಾವುದೂ ಅವನಿಗೆ ಇನ್ನು ಹಿಂದಿನಂತೆ ಕಾಣಲಾರದು. ತಕಳಿಯವರು ಬಾಗಿಲನ್ನು ತೆರೆದು ತೋರಿಸಿದರು. ಆ ಬಾಗಿಲಿನಿಂದ ಒಳಗೆ ಹೋದವರು ಅವರ ನಂತರ ಬಹಳ ಮಂದಿ ಇಲ್ಲ. ಮರುದಿನ ಚೇನ್ನ ಎಲ್ಲಿ ಮಲಗಿದ? ಬಸುರಿ ಹೆಂಡತಿ ಯಾವ ನೀರು ಕುಡಿದಳು? ಆ ಕೆಸರನ್ನು ಯಾರು ಹೊತ್ತರು? ಕುಟ್ಟನಾಡಿನಲ್ಲಿ ಕೆಸರು ಹೊರುವುದು ಯಾರ ಕೆಲಸವಾಗಿತ್ತೆಂದು ತಕಳಿಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ಸಣ್ಣಕಥೆಯಿಂದ ಅಷ್ಟೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ಅವರ ನಂತರದ ಪೀಳಿಗೆಗಳಿಂದ ನಿರೀಕ್ಷಿಸಬಹುದಿತ್ತು.

2018ರ ಆಗಸ್ಟಿನಲ್ಲಿ ಕೇರಳಕ್ಕೆ ಬಂದ ನೆರೆಯ ಹೊತ್ತಿಗೆ ಮಲೆಯಾಳದಲ್ಲಿ ‘ವೆಳ್ಳಪ್ಪೊಕ್ಕಂ’ ಹಿಂದೆ ಸರಿದು ‘ಪ್ರಳಯಂ’ ಮುಂದೆ ಬಂತು. ಜೂನ್ 1ರಿಂದ ಆಗಸ್ಟ್ 19ರ ವರೆಗೆ ವಾಡಿಕೆಗಿಂತ ಸುಮಾರು ಶೇಕಡಾ 42ರಷ್ಟು ಹೆಚ್ಚು ಮಳೆ, ತುಂಬಿದ ಅಣೆಕಟ್ಟುಗಳ ಬಾಗಿಲುಗಳನ್ನು ಒಮ್ಮೆಲೇ ತೆರೆಯಬೇಕಾದ ಸ್ಥಿತಿ, 14 ಜಿಲ್ಲೆಗಳಲ್ಲಿಯೂ ಹಾನಿ, 400ಕ್ಕೂ ಹೆಚ್ಚು ಸಾವು – ಇದನ್ನು ಹೇಳಲು ದೊಡ್ಡ ಶಬ್ದ ಬೇಕೆನ್ನಿಸಿದ್ದು ಸಹಜ. ಕನ್ನಡ ಪತ್ರಿಕೆಗಳೂ ಅದನ್ನೇ ಎತ್ತಿಕೊಂಡವು. ಆದರೆ ವೆಳ್ಳಪ್ಪೊಕ್ಕವೆಂದರೆ ನೀರು ಏರುವುದು, ಅಷ್ಟೆ. ಏರಿದ್ದು ಇಳಿಯುತ್ತದೆ, ಇಳಿದ ಮೇಲೆ ಪೊರಕೆ ಹಿಡಿಯಬೇಕಾಗುತ್ತದೆ ಎಂಬ ತಿಳಿವಳಿಕೆ ಆ ಶಬ್ದದಲ್ಲಿಯೇ ಇದೆ. ಪ್ರಳಯವಾದರೋ ಪುರಾಣದ ಸಂಗತಿ. ಅಲ್ಲಿ ಆಲದೆಲೆಯ ಮೇಲೆ ಮಗು ಮಲಗುತ್ತದೆ, ಹೊಸ ಸೃಷ್ಟಿ ಆಗುತ್ತದೆ. ನೆಲ ತಿಕ್ಕುವವರು ಯಾರೂ ಇರುವುದಿಲ್ಲ. ಅಣೆಕಟ್ಟಿನ ಬಾಗಿಲು ತೆರೆದವರ ಲೆಕ್ಕವನ್ನೂ ಪ್ರಳಯ ಕೇಳುವುದಿಲ್ಲ. ಆ ವರ್ಷ ಬಂದ ಕವಿತೆಗಳಲ್ಲಿ ನಾನು ಓದಿದ ಬಹುಪಾಲು ಈ ಶಬ್ದದ ಹಿಡಿತದಿಂದ ತಪ್ಪಿಸಿಕೊಂಡಿಲ್ಲ. ಪ್ರಕೃತಿಯ ಮುನಿಸು, ತಾಯಿಯ ಕೋಪ, ಮನುಷ್ಯನ ದುರಾಸೆ. ಮೂರನೆಯ ಚರಣದಲ್ಲಿ ಒಂದು ತೊಟ್ಟಿಲು ತೇಲಿಹೋಗುತ್ತದೆ. ಎರಡೂ ಭಾಷೆಗಳಲ್ಲಿ ಒಂದೇ ತೊಟ್ಟಿಲು!

2023ರಲ್ಲಿ ಬಂದ ಜೂಡ್ ಆಂಥನಿ ಜೋಸೆಫರ ‘2018’ ಚಿತ್ರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ನೀರನ್ನು ತೆರೆಯ ಮೇಲೆ ತಂದ ರೀತಿ ಅದ್ಭುತವಾಗಿದೆ. ಮೀನುಗಾರರು ತಮ್ಮ ದೋಣಿಗಳೊಂದಿಗೆ ಊರೊಳಗೆ ಬಂದು ಜನರನ್ನು ಎತ್ತಿಕೊಂಡದ್ದನ್ನು ಮರೆಯದೆ ದಾಖಲಿಸಿದ್ದಕ್ಕೆ ಕೃತಜ್ಞರಾಗಿರಬೇಕು. ಆದರೂ ಅದು ರಕ್ಷಣೆಯ ಚಿತ್ರ. ಒಂದು ಜೀವ ಉಳಿಯಿತೇ ಇಲ್ಲವೇ ಎಂಬುದೇ ಅದರ ಉಸಿರು. ಆ ನೆರೆಯ ಅತ್ಯಂತ ಮಾತಾಡುವ ದೃಶ್ಯ ನನ್ನ ಮಟ್ಟಿಗೆ ಯಾವ ಚಲನಚಿತ್ರದಲ್ಲಿಯೂ ಇಲ್ಲ, ಒಂದು ಪತ್ರಿಕಾ ಛಾಯಾಚಿತ್ರದಲ್ಲಿದೆ: ಪೆರಿಯಾರಿನ ಮೇಲಿನ ಮಲಯಾಟ್ಟೂರು–ಕೋಡನಾಡು ಸೇತುವೆಯ ಉದ್ದಕ್ಕೂ ಹೊಳೆ ಎತ್ತಿ ಒಗೆದ ಪ್ಲಾಸ್ಟಿಕ್ಕಿನ ರಾಶಿ. ವರ್ಷಗಟ್ಟಲೆ ನಾವು ಹೊಳೆಗೆ ಕೊಟ್ಟದ್ದನ್ನು ಅದು ನಮ್ಮ ದಾರಿಯ ಮೇಲೆಯೇ ತಂದಿಟ್ಟಿತು. ಮುಂದೆ ಅಲ್ಲಿಗೆ ಜೆಸಿಬಿ ಬಂತು ಎಂದು ಮಾತ್ರ ನಮಗೆ ಗೊತ್ತು.

ಕನ್ನಡದ ಮಟ್ಟಿಗೆ ಇಂಥ ಕೊನೆಯನ್ನು ಗಂಭೀರವಾಗಿ ಯೋಚಿಸಿದ ಕೃತಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 2002ರಲ್ಲಿ ತೆರೆಗೆ ಬಂತು. ಇಲ್ಲಿ ನೀರು ಏರುವುದು ಅಣೆಕಟ್ಟಿನಿಂದ; ಊರವರೆಲ್ಲ ಬಿಟ್ಟುಹೋದ ಜಾಗದಲ್ಲಿ ಒಂದು ಕುಟುಂಬ ಉಳಿದಿದೆ. ಗಂಡ ಕೈಚೆಲ್ಲಿ ಕುಳಿತಾಗ ನಾಗಿ ಎಂಬ ಹೆಂಗಸು ಮನೆಯನ್ನೂ ಜಾನುವಾರುಗಳನ್ನೂ ಜೀವಗಳನ್ನೂ ಹಿಡಿದು ನಿಲ್ಲಿಸುತ್ತಾಳೆ. ಮಳೆ ಕಡಿಮೆಯಾಗಿ ನೀರು ಹಿಂದೆ ಸರಿಯುತ್ತದೆ. ಆಗ ಗಂಡ ಎಲ್ಲವೂ ದೇವರ ದಯೆ ಎನ್ನುತ್ತಾನೆ. ಅವಳ ದುಡಿಮೆಗೆ ಅವನ ಬಾಯಲ್ಲಿ ಒಂದು ಮಾತಿಲ್ಲ. ನೆರೆಯ ನಂತರದ ಕೆಲಸ ಏಕೆ ಸಾಹಿತ್ಯಕ್ಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಅತ್ಯಂತ ಸರಿಯಾದ ಉತ್ತರ ಆ ದೃಶ್ಯದಲ್ಲಿದೆ. ಆ ಕೆಲಸ ಹೆಂಗಸರದು, ಕೂಲಿಯವರದು. ಅದು ದಿನವೂ ಆಗುವಂಥದು. ನೋಡಿದವರು ಅದನ್ನು ಕೆಲಸವೆಂದು ಎಣಿಸುವುದಿಲ್ಲ. ಸೌಂದರ್ಯ ಅವರ ಮುಖದಲ್ಲಿ ಆ ಕ್ಷಣ ಕಾಣುವ ನಿಶ್ಶಬ್ದವನ್ನು ವಿವರಿಸಲು ನನ್ನ ಹತ್ತಿರ ಶಬ್ದಗಳಿಲ್ಲ.

ದುಡಿಮೆಯನ್ನು ಬರೆಯುವ ಕಲೆ ನಮ್ಮಲ್ಲಿಲ್ಲ ಎಂದು ಹೇಳುವಂತಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಹೊಳೆಗೂ ಕಡಲಿಗೂ ನಡುವೆ ಇರುವ ಮನೆಯ ಹೆಂಗಸರ ಕಷ್ಟ ಪುಟಪುಟಗಳಲ್ಲಿ ಹರಡಿದೆ. ‘ಬೆಟ್ಟದ ಜೀವ’ದ ಗೋಪಾಲಯ್ಯ ಕಾಟುಮೂಲೆಯ ಕಾಡು ಕಡಿದು ತೋಟ ಎಬ್ಬಿಸಿದ್ದನ್ನು ಓದುವಾಗ ನಮ್ಮ ಅಂಗೈ ಉರಿಯುತ್ತದೆ. ಆದರೆ ಕಾರಂತರ ಶಿಷ್ಯರೆಂದುಕೊಂಡ ನಾವು ಅವರಿಂದ ಪ್ರಕೃತಿ ವರ್ಣನೆಯನ್ನು ಕಲಿತೆವು, ಪಿಕ್ಕಾಸಿನ ಹಿಡಿಯನ್ನು ಕಲಿಯಲಿಲ್ಲ. ಗೋಪಾಲಯ್ಯ ಹೊಸತೊಂದನ್ನು ಕಟ್ಟಿದವರು. ಹಾಳಾದುದನ್ನು ಮತ್ತೆ ಮತ್ತೆ ಸರಿಪಡಿಸುವುದು ಇನ್ನೊಂದು ಬಗೆಯ ಕೆಲಸ. ಅದರಲ್ಲಿ ಕೊನೆಗೆ ಕಾಣಲು ಸಿಗುವುದು ಮೊದಲಿದ್ದದ್ದೇ. ಹೀಗಾಗಿ ಅದರಲ್ಲಿ ಕಥೆ ಇಲ್ಲವೆಂದು ತೋರುತ್ತದೆಯೋ ಏನೋ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೊಳೆ ಶುದ್ಧ ಮಾಡುವುದು ಇಂಜಿನಿಯರರ ಕೆಲಸ, ಸಾಹಿತ್ಯವೇನು ಕೈಪಿಡಿಯೇ? – ಎಂದು. ಕೈಪಿಡಿ ಬೇಡ. ಆದರೆ ‘ಶುದ್ಧೀಕರಣ’ ಎಂಬ ಶಬ್ದವನ್ನು ಪರೀಕ್ಷಿಸುವುದು ಸಾಹಿತ್ಯ ವಿಮರ್ಶೆಯ ಕೆಲಸವೇ. ನೆರೆ ಇಳಿದ ಮೇಲೆ ಈ ಒಂದು ಶಬ್ದ ಎರಡು ಬೇರೆ ಕೆಲಸಗಳಿಗೆ ಬಳಕೆಯಾಯಿತು. ಮೊದಲನೆಯದು ಮನೆ, ಬಾವಿ, ಶಾಲೆ, ತೋಡುಗಳ ಕೆಸರು ತೆಗೆಯುವುದು. 2018ರ ಆಗಸ್ಟ್ ಕೊನೆಯ ವಾರದಲ್ಲಿ ಹತ್ತಾರು ಸಾವಿರ ಜನ ಕುಟ್ಟನಾಡಿಗೆ ಹೋಗಿ ಈ ಕೆಲಸ ಮಾಡಿದರು. ಇದರ ಬಗ್ಗೆ ಎರಡು ಮಾತಿಲ್ಲ. ಎರಡನೆಯದು, ಹೊಳೆಯ ಪಾತ್ರದಿಂದ ಮರಳು ಹೂಳು ಎಲ್ಲವನ್ನೂ ಎತ್ತಿ ‘ಚೊಕ್ಕಟ’ಗೊಳಿಸುವುದು. ಸೇತುವೆಯ ಕಂಬಕ್ಕೆ ಸಿಕ್ಕಿಬಿದ್ದ ಮರ, ತೋಡಿನ ಬಾಯಿ ಮುಚ್ಚಿದ ಮಣ್ಣು, ಗುಡ್ಡ ಕುಸಿದು ಬಂದ ರಾಶಿ ಇವನ್ನು ತೆಗೆಯಲೇಬೇಕು. ಆದರೆ ಹೊಳೆಯ ಮರಳು ಕೊಳೆಯಲ್ಲ. ಅದು ಹೊಳೆಯ ಮೈ. ಮಳೆನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಒಸರುವುದು, ಹರಿವಿನ ವೇಗ ತಗ್ಗಿಸುವುದು, ದಡದ ಬಾವಿಗಳಿಗೆ ನೀರು ಕೊಡುವುದು ಅದೇ. ಪಾತ್ರ ಆಳವಾದರೆ ಬಾವಿಯ ನೀರು ಅದರೊಂದಿಗೆ ಇಳಿಯುತ್ತದೆ, ಅಳಿವೆಯ ಬಳಿಯಾದರೆ ಉಪ್ಪುನೀರು ಒಳಗೆ ಏರುತ್ತದೆ. ಗಡಿನಾಡಿನ ಕಂಗಿನ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2020ರಲ್ಲಿ ಪಂಪಾ ತ್ರಿವೇಣಿಯಲ್ಲಿ ನೆರೆ ತಂದು ಸುರಿದ ಮರಳನ್ನು ಸಾಗಿಸುವ ವಿಚಾರ ದೊಡ್ಡ ವಿವಾದವಾಗಿ ಹಸಿರು ನ್ಯಾಯಮಂಡಳಿಯ ಮುಂದೆ ಹೋದದ್ದೂ ಈ ಗೊಂದಲದಿಂದಲೇ: ಅದು ಹೊಳೆಯ ಕೊಳೆಯೋ, ಹೊಳೆಯ ಸ್ವತ್ತೋ?

ಈ ಪ್ರಶ್ನೆಯನ್ನು ಮಲೆಯಾಳದ ಕವಿಯೊಬ್ಬರು ಬಹಳ ಮೊದಲೇ ಕೇಳಿದ್ದರು. 1953ರಲ್ಲಿ ಸಂಚಾರಕ್ಕೆ ತೆರೆದ ಕುಟ್ಟಿಪ್ಪುರಂ ಸೇತುವೆಯ ಮೇಲೆ ನಿಂತು, ಹೆಮ್ಮೆಯೂ ಅಳುಕೂ ಒಟ್ಟಾದ ಮನಸ್ಸಿನಿಂದ, ಕೆಳಗೆ ಹರಿಯುವ ಪೇರಾರಿಗೆ ಮುಂದೆ ಏನು ಗತಿ ಬರಬಹುದೆಂದು ಕಳವಳಪಟ್ಟವರು ಇಡಶ್ಶೇರಿ ಗೋವಿಂದನ್ ನಾಯರ್. ಅದೇ ಭಾರತಪ್ಪುಳೆಯ ದಡದ ಎಂ.ಟಿ. ವಾಸುದೇವನ್ ನಾಯರ್ 2024ರ ಡಿಸೆಂಬರಿನಲ್ಲಿ ತೀರಿಹೋಗುವವರೆಗೂ ಆ ಹೊಳೆಯ ಮರಳಿನ ಬಗ್ಗೆ ಮರುಗಿದವರು. ಇವರಿಬ್ಬರ ದೊಡ್ಡತನ ಹೊಳೆಯನ್ನು ಸತ್ತ ತಾಯಿಯೆಂದು ಅತ್ತುಬಿಡುವುದರಲ್ಲಿಲ್ಲ. ಹಾಗೆ ಅತ್ತವರು ಬೇಕಾದಷ್ಟಿದ್ದಾರೆ. ಸೇತುವೆ ಬೇಕು ಎಂದುಕೊಂಡೇ ಸೇತುವೆಯ ಬೆಲೆ ಕೇಳಿದ ಇಡಶ್ಶೇರಿಯವರ ಪ್ರಾಮಾಣಿಕತೆ ನಮ್ಮ ಇಂದಿನ ಪರಿಸರ ಕವಿತೆಗಳಲ್ಲಿ ಅಪರೂಪ. ನಾವು ಕಾಂಕ್ರೀಟು ಮನೆಯಲ್ಲಿ ಕುಳಿತು ಮರಳಿಗಾಗಿ ಅಳುತ್ತೇವೆ. ಕವಿತೆಯಲ್ಲಿ ಆ ಮನೆ ಬರುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ, ನೆರೆ ಇಳಿದು ಕೆಲವೇ ವಾರಗಳಲ್ಲಿ, ಪಂಪೆಯೂ ಪೆರಿಯಾರೂ ಭಾರತಪ್ಪುಳೆಯೂ ಅಸಹಜವಾಗಿ ಬತ್ತತೊಡಗಿದವು, ಬಾವಿಗಳ ನೀರು ಕುಸಿಯಿತು, ವಯನಾಡಿನಲ್ಲಿ ಎರೆಹುಳಗಳು ಮೇಲೆ ಬಂದು ಸತ್ತವು. ನೆರೆಗಿಂತಲೂ ದಿಗಿಲು ಹುಟ್ಟಿಸಬೇಕಾದ ಸಂಗತಿ ಅದು. ಅದರ ಮೇಲೆ ಒಂದು ಒಳ್ಳೆಯ ಕಥೆಯನ್ನು ನಾನು ಇನ್ನೂ ಓದಬೇಕಾಗಿದೆ.

ಬರಹಗಾರರು ಎಡವಿದಲ್ಲಿ ಸಾಮಾನ್ಯ ಜನ ಚೆನ್ನಾಗಿ ಮಾತಾಡಿದ ಎರಡು ಉದಾಹರಣೆಗಳನ್ನು ಹೇಳಲೇಬೇಕು. ಪಂಪಾ ಮತ್ತು ಮಣಿಮಲ ಹೊಳೆಗಳ ನಡುವೆ ವರಟ್ಟಾರ್ ಎಂಬ ಕವಲು ಇದೆ. ಮರಳು ತೆಗೆದು, ದಡ ಒತ್ತುವರಿಯಾಗಿ ಅದು ಹೊಳೆಯೆಂಬುದೇ ಮರೆತುಹೋಗಿತ್ತು. 2017ರಲ್ಲಿ ಊರವರೂ ಪಂಚಾಯತುಗಳೂ ಸೇರಿ ಅದರ ಪಾತ್ರದಲ್ಲಿ ನಡೆದು, ಅಡೆತಡೆ ತೆಗೆದು, ಮತ್ತೆ ನೀರು ಹರಿಸಿದರು. ಆ ಚಳವಳಿಗೆ ಅವರು ಕೊಟ್ಟ ಘೋಷಣೆ ‘ವರಟ್ಟೆ ಆರ್’ – ಆರು ಬರಲಿ, ಹೊಳೆ ಬರಲಿ. ಬತ್ತಿದ್ದು ಎಂಬ ಅರ್ಥ ಕೇಳಿಸುವ ಹೆಸರನ್ನು ಸ್ವಲ್ಪ ಎಳೆದು ಕರೆಯುವ ಮಾತಾಗಿ ಮಾಡಿದ್ದಾರೆ. ಮಲೆಯಾಳದ ವಕಾರ ಕನ್ನಡದಲ್ಲಿ ಬಕಾರವಾಗುವುದು ನಮಗೆಲ್ಲ ಗೊತ್ತು; ಹಾಗೆ ನೋಡಿದರೆ ಈ ಶ್ಲೇಷೆ ಕನ್ನಡಕ್ಕೂ ಹೆಚ್ಚು ಕೆಡದೆ ಬರುತ್ತದೆ: ಬರಡಾರು, ಬರಲಿ ಆರು. ಇಷ್ಟು ಸಣ್ಣ ಬದಲಾವಣೆಯಲ್ಲಿ ಹೊಳೆಯ ಇತಿಹಾಸವೂ ಊರಿನ ಆಸೆಯೂ ಇದೆ. ನಮ್ಮ ಎಷ್ಟೋ ನದಿ ಕವಿತೆಗಳಿಗಿಂತ ಇದು ಮೇಲು.

ಇನ್ನೊಂದು ‘ಚೇಕುಟ್ಟಿ’. 2018ರ ನೆರೆಯಲ್ಲಿ ಎರ್ನಾಕುಳಂ ಜಿಲ್ಲೆಯ ಚೇಂದಮಂಗಲದ ಕೈಮಗ್ಗದವರು ಓಣಂ ಹಬ್ಬಕ್ಕೆಂದು ನೇಯ್ದಿಟ್ಟ ಸೀರೆಗಳೆಲ್ಲ ಕೆಸರಾದವು. ತೊಳೆದರೂ ಕಲೆ ಹೋಗದ ಆ ಬಟ್ಟೆಗಳನ್ನು ಕತ್ತರಿಸಿ ಪುಟ್ಟ ಗೊಂಬೆಗಳನ್ನು ಮಾಡಿದರು, ಕಲೆಯನ್ನು ಮರೆಮಾಚದೆ. ಚೇರು ಎಂದರೆ ಕೆಸರು. ಕೆಸರಿನ ಕೂಸು ಚೇಕುಟ್ಟಿ. ಭಾಷಾಶಾಸ್ತ್ರಜ್ಞರು ಕನ್ನಡದ ಕೆಸರು, ಮಲೆಯಾಳದ ಚೇರು ಎರಡಕ್ಕೂ ಒಂದೇ ಬೇರು ಹೇಳುತ್ತಾರೆ. ಕಿವಿ–ಚೆವಿ, ಕೆರೆ–ಚಿರ ಇದ್ದ ಹಾಗೆ. ಕೆಸರಿಗೂ ಕೆರೆಗೂ ಒಂದೇ ಬೇರಿನ ಶಬ್ದ ಇಟ್ಟುಕೊಂಡ ಎರಡು ಭಾಷೆಗಳ ಬರಹಗಾರರಿಗೆ ಆ ಕೆಸರಿನಲ್ಲಿ ಕೈಯಿಡಲು ಸಂಕೋಚವೇಕೆ?

ಈಗ ನಮ್ಮ ಜಿಲ್ಲೆಗೆ ಬರೋಣ. ಕೇರಳದ 44 ಹೊಳೆಗಳಲ್ಲಿ 12 ಕಾಸರಗೋಡಿನವು. ಮಂಜೇಶ್ವರದ ಹೊಳೆ 16 ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಇಂಥ ಗಿಡ್ಡ ಹೊಳೆಗಳಲ್ಲಿ ನೀರು ಬರುವುದೂ ಬೇಗ, ಹೋಗುವುದೂ ಬೇಗ. ಇದನ್ನು ಬಲ್ಲ ನಮ್ಮ ಹಿರಿಯರು ತೋಡುಗಳಿಗೆ ಕಟ್ಟ ಕಟ್ಟುತ್ತಿದ್ದರು. ಎಣ್ಮಕಜೆಯ ಕಡೆ ಈಗಲೂ ಕೆಲವು ಕಡೆ ಕಟ್ಟುತ್ತಾರೆ. ಮಳೆ ಮುಗಿದು ಹರಿವು ಇಳಿದ ಮೇಲೆ, ಸುಮಾರು ಡಿಸೆಂಬರ್ ತಿಂಗಳಲ್ಲಿ, ತೋಟದವರು ಒಟ್ಟಾಗಿ ಕಲ್ಲು, ಮಣ್ಣು, ಕಂಗಿನ ಮರಗಳಿಂದ ಅಡ್ಡ ಕಟ್ಟುತ್ತಾರೆ. ನೀರು ನಿಂತು ಎರಡೂ ಬದಿಯ ಬಾವಿಗಳಿಗೆ ಒಸರು ಕೊಡುತ್ತದೆ. ಮಳೆಗಾಲ ಬರುವಾಗ ಅದನ್ನು ಬಿಚ್ಚುತ್ತಾರೆ, ಇಲ್ಲವೇ ಹೊಸ ನೀರೇ ಅದನ್ನು ಕೊಂಡುಹೋಗುತ್ತದೆ. ತಡೆದು ನಿಂತ ಹೂಳೂ ಮುಂದೆ ಹೋಗುತ್ತದೆ. ವರ್ಷಕ್ಕೊಮ್ಮೆ ಕಟ್ಟುವುದು, ವರ್ಷಕ್ಕೊಮ್ಮೆ ಬಿಡುವುದು. ನೆರೆಗೆ ಅದರ ದಾರಿಯನ್ನು ಬಿಟ್ಟುಕೊಡುವ ವಿವೇಕ ಇದರಲ್ಲಿದೆ. ಈಗ ಬಂದಿರುವ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳಲ್ಲಿ ಹಲಗೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿ ಹೊತ್ತಿಗೆ ಸರಿಯಾಗಿ ತೆಗೆಯಬೇಕು. ತೆಗೆಯುವವರಿಲ್ಲದಿದ್ದರೆ ಮೊದಲ ಮಳೆಗೇ ಬದಿಯ ತೋಟ ಮುಳುಗುತ್ತದೆ. ಕಟ್ಟ ಮರೆಯಾದದ್ದರೊಂದಿಗೆ ಊರು ಒಟ್ಟಾಗುವ ಒಂದು ದಿನವೂ ಮರೆಯಾಯಿತು. ಈ ಕಟ್ಟಗಳ ಮೇಲೆ, ಸುರಂಗಗಳ ಮೇಲೆ ಶ್ರೀ ಪಡ್ರೆಯವರಂಥ ಪತ್ರಕರ್ತರು ಬರೆದಷ್ಟು ನಮ್ಮ ಕಥೆಗಾರರು ಬರೆದಿಲ್ಲ.

ನೆದರ್‌ಲ್ಯಾಂಡಿನವರು 1993 ಮತ್ತು 1995ರ ನೆರೆಗಳ ನಂತರ ಏರಿಗಳನ್ನು ಎತ್ತರಿಸುವ ಬದಲು ಹಿಂದಕ್ಕೆ ಸರಿಸಿ, 30ಕ್ಕೂ ಹೆಚ್ಚು ಕಡೆ ಹೊಳೆಗೆ ಜಾಗ ಬಿಟ್ಟುಕೊಟ್ಟರು. 2019ರಲ್ಲಿ ಕೇರಳದ ಮುಖ್ಯಮಂತ್ರಿಗಳು ಅದನ್ನು ನೋಡಿ ಬಂದ ಮೇಲೆ ಇಲ್ಲಿಯೂ ಆ ಮಾತು ಕೇಳಿಬಂತು. ಒಳ್ಳೆಯದೇ. ಆದರೆ ಹೊಳೆಗೆ ಬಿಟ್ಟ ಜಾಗವೆಂದರೆ ನಮ್ಮ ಬೈಲು ಗದ್ದೆಯೇ ಆಗಿತ್ತು. ಕೇರಳದಲ್ಲಿ 1970ರ ದಶಕದ ನಡುವಿನಲ್ಲಿ ಎಂಟು ಲಕ್ಷ ಹೆಕ್ಟೇರಿಗೂ ಮೇಲಿದ್ದ ಭತ್ತದ ಗದ್ದೆ ಈಗ ಅದರ ಕಾಲು ಭಾಗದ ಆಸುಪಾಸಿಗೆ ಇಳಿದಿದೆ. 2008ರ ಕಾಯಿದೆ ಬರುವ ಹೊತ್ತಿಗೆ ಹೆಚ್ಚಿನದು ಹೋಗಿತ್ತು. ಗದ್ದೆಗೆ ಮಣ್ಣು ತುಂಬಿ ತೋಟ ಮಾಡಿದವರಲ್ಲಿ, ಸೈಟು ಮಾಡಿದವರಲ್ಲಿ ಈ ವಾರ್ಷಿಕವನ್ನು ಓದುವ ನಮ್ಮ ಮನೆಗಳೂ ಇವೆ. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಕ್ಕೀತು?

ನಮ್ಮ ನೆರೆಯ ಅಂಬಿಕಾಸುತನ್ ಮಾಂಗಾಡ್ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ‘ಎಣ್ಮಕಜೆ’ ಕಾದಂಬರಿಯಲ್ಲಿ ಗೇರುತೋಟಗಳಿಗೆ ಸುರಿದ ಎಂಡೋಸಲ್ಫಾನ್ ವಿಷ ಊರಿನ ನೀರಿಗಿಳಿಯುವುದು ಎಲ್ಲರಿಗೂ ಗೊತ್ತು. ನನ್ನ ಇಂದಿನ ವಿಷಯಕ್ಕೆ ಹತ್ತಿರವಾದದ್ದು ಅವರ ‘ಎರಡು ಮೀನುಗಳು’ ಎಂಬ ಕಥೆ. ಕವ್ವಾಯಿ ಹಿನ್ನೀರಿನಿಂದ ಎರಡು ಮೀನುಗಳು ಮೊಟ್ಟೆಯಿಡಲು ತಮ್ಮ ಪೂರ್ವಿಕರು ಹೋಗುತ್ತಿದ್ದ ಕಾವಿನ ನೀರಿಗೆ ಹೊರಟಿವೆ. ಅವು ಹೋಗುವ ದಾರಿ ಹಿಂದಿನ ದಾರಿಯಾಗಿ ಉಳಿದಿಲ್ಲ. ಹೊಳೆ ಸರಿಯಾಗಿದೆಯೇ ಎಂದು ತಿಳಿಯಲು ನೀರಿನ ಬಣ್ಣ ನೋಡಿದರೆ ಸಾಲದು, ಮೀನು ಮೇಲೆ ಹತ್ತುತ್ತದೆಯೇ ನೋಡಬೇಕೆಂದು ಈ ಕಥೆ ಸೂಚಿಸುತ್ತದೆ. ಮೀನುಗಳಿಗೆ ಮನುಷ್ಯರ ಮಾತು ಕೊಟ್ಟದ್ದು ಒಮ್ಮೊಮ್ಮೆ ಅತಿಯಾಯಿತೆಂದು ನನಗೆ ಅನ್ನಿಸಿದ್ದುಂಟು. ಆದರೂ ಹೊಳೆಯನ್ನು ಕೆಳಗಿನಿಂದ ಮೇಲಕ್ಕೆ, ಅದರೊಳಗಿನಿಂದ ನೋಡಿದ ಕಥೆ ನಮ್ಮಲ್ಲಿ ಇನ್ನೊಂದಿಲ್ಲ.

ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ಹಾದು, ಕಾಸರಗೋಡಿನ ಬಳಿ ಕಡಲು ಸೇರುವ ಪಯಸ್ವಿನಿ–ಚಂದ್ರಗಿರಿ ಸುಮಾರು 105 ಕಿಲೋಮೀಟರಿನ ಹೊಳೆ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನಿಂದ ಹೇಳಿಕೊಂಡು ಬಂದದ್ದು ಇದನ್ನೇ. 2018ರ ಆಗಸ್ಟ್ ನಡುವಿನಲ್ಲಿ ಜೋಡುಪಾಲದ ಗುಡ್ಡಗಳು ಕುಸಿದಾಗ ಆ ಮಣ್ಣು ಬಿದ್ದದ್ದು ಈ ಹೊಳೆಗೆ. ತೆಂಕಣ ಜಿಲ್ಲೆಗಳಂಥ ಪೆಟ್ಟು ಆ ವರ್ಷ ಕಾಸರಗೋಡಿಗೆ ತಗಲಲಿಲ್ಲ. ಆದರೆ ಕೊಡಗಿನ ಮಣ್ಣು ರಾಜ್ಯದ ಗಡಿ ಕೇಳಿ ನಿಲ್ಲುವುದಿಲ್ಲ. ಮೇಲೆ ಕನ್ನಡದ ಕಡತ, ಕೆಳಗೆ ಮಲೆಯಾಳದ ಕಡತ, ನಡುವೆ ಒಂದೇ ನೀರು. ಎರಡೂ ಕಡತಗಳನ್ನು ಒಟ್ಟಿಗೆ ಓದಬಲ್ಲವರು ಯಾರಾದರೂ ಇದ್ದರೆ ಅದು ನಾವು, ಗಡಿನಾಡಿನವರು. ನಮ್ಮ ದ್ವಿಭಾಷಿಕತೆಯನ್ನು ಅನುವಾದಗಳಿಗೂ ಸನ್ಮಾನ ಭಾಷಣಗಳಿಗೂ ಮೀಸಲಿಟ್ಟು ಈ ಕೆಲಸಕ್ಕೆ ತಂದಿಲ್ಲ.

ಇದು ಬರೀ ಸಾಹಿತ್ಯದ ಮಾತೂ ಅಲ್ಲ. ಒಂದು ಮಳೆಗಾಲದಲ್ಲಿ ನೀರು ನುಗ್ಗಿದ ಮೇಲೆ ಬಾವಿ ಶುದ್ಧ ಮಾಡುವ ಕ್ರಮ ತಿಳಿಸುವ ಕರಪತ್ರ ನಮ್ಮ ಕಡೆಯ ಮನೆಗಳಿಗೆ ಬಂತು, ಮಲೆಯಾಳದಲ್ಲಿ ಮಾತ್ರ. ನನಗೆ ಪರಿಚಯದ ಒಂದು ಮನೆಯಲ್ಲಿ ಇದ್ದದ್ದು ಕನ್ನಡ ಮಾತ್ರ ಓದಬಲ್ಲ ಅಜ್ಜಿ ಮತ್ತು ಶಾಲೆಗೆ ಹೋಗುವ ಮೊಮ್ಮಗ. ಸಾವಿರ ಲೀಟರ್ ನೀರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ ಎಂದು ಅದರಲ್ಲಿತ್ತು. ಹುಡುಗ ಓದಿ ಹೇಳಿದ. “ಬಾವಿಯಲ್ಲಿ ಎಷ್ಟು ಸಾವಿರ ಉಂಟು ಮಗಾ?” ಎಂದು ಅಜ್ಜಿ ಕೇಳಿದರು. ಬಾವಿಯ ಸುತ್ತಳತೆ, ನೀರಿನ ಆಳ ಅಳೆದು ಲೆಕ್ಕ ಮಾಡುವ ವಿಧಾನ ಕರಪತ್ರದ ಹಿಂಬದಿಯಲ್ಲಿತ್ತು. ಅಲ್ಲಿದ್ದ ಶಬ್ದಗಳಿಗೆ ಹುಡುಗನಲ್ಲಿ ಕನ್ನಡ ಇರಲಿಲ್ಲ. ಅಜ್ಜಿಯಲ್ಲಿ ಇತ್ತು, ಆದರೆ ಅವರು ಓದಿಲ್ಲವಲ್ಲ. ಒಸರು, ಹೂಳು, ಮೆಕ್ಕಲು, ಕಯ, ಕಟ್ಟ – ಇಂಥ ಮಾತುಗಳು ಅಜ್ಜಿಯರೊಂದಿಗೆ ಹೋಗುತ್ತಿವೆ. ಮಲೆಯಾಳದ ಎಕ್ಕಲ್ ನಮ್ಮ ಮೆಕ್ಕಲು ಎಂದೂ, ಕಯಂ ನಮ್ಮ ಕಯ ಎಂದೂ ಮಕ್ಕಳಿಗೆ ಹೇಳಿಕೊಡುವ ಪಾಠ ಯಾವ ಪುಸ್ತಕದಲ್ಲಿಯೂ ಇಲ್ಲ. ಕಥೆಗಳಲ್ಲಿದ್ದರೆ ಉಳಿದಾವು.

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದು ಬಂದಾಗ ಪುನ್ನಪ್ಪುಳೆ ತನ್ನ ಹಳೆಯ ಪಾತ್ರವನ್ನೇ ಬಿಟ್ಟು ಹರಡಿಕೊಂಡಿತು. ಹೆಣಗಳು ಚಾಲಿಯಾರಿನಲ್ಲಿ ಬಹುದೂರ ಕೆಳಗೆ ನಿಲಂಬೂರಿನ ಕಡೆ ಸಿಕ್ಕಿದವು. ಹೊಳೆಯ ದಡದ ವೆಳ್ಳಾರ್‌ಮಲೆ ಶಾಲೆಯ ಮಕ್ಕಳು ಅದಕ್ಕೆ ಮೊದಲು ಹೊರತಂದ ‘ವೆಳ್ಳಾರಂಕಲ್ಲುಗಳ್’ ಎಂಬ ಪತ್ರಿಕೆಯಲ್ಲಿ, ಅಪಾಯ ಬರಲಿದೆಯೆಂದು ಒಂದು ಹಕ್ಕಿ ಬಂದು ಎಚ್ಚರಿಸುವ ಕಥೆ ಇತ್ತು. ಆ ಕಥೆಯನ್ನು ಪತ್ರಿಕೆಗಳೆಲ್ಲ ಭವಿಷ್ಯವಾಣಿ ಎಂಬಂತೆ ಮೆರೆಸಿದವು. ನನಗೆ ಅದು ಅಷ್ಟು ಸರಿಯೆನಿಸುವುದಿಲ್ಲ. ಗುಡ್ಡದ ಕೆಳಗೆ ಬೆಳೆದ ಮಗು ಮನೆಯಲ್ಲಿ ದಿನವೂ ಕೇಳಿದ ಹೆದರಿಕೆಯನ್ನು ಬರೆದಿದೆ. 2019ರಲ್ಲಿ ಹತ್ತಿರದ ಪುತ್ತುಮಲೆ ಹೋದದ್ದನ್ನು ಕಂಡ ಊರು ಅದು. ಇದು ಪವಾಡವಲ್ಲ, ಒಳ್ಳೆಯ ಬರವಣಿಗೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಶಾಲೆಯ ತರಗತಿಗಳು ಮೇಪ್ಪಾಡಿಯಲ್ಲಿ ಮತ್ತೆ ಆರಂಭವಾದವು. ಆ ಮಕ್ಕಳು ಈಗ ಹೊಳೆಯನ್ನು ಹೇಗೆ ಬರೆಯುತ್ತಾರೆಂದು ಓದುವ ಆಸೆ ನನಗಿದೆ.

ಆ ರಾತ್ರಿ ಸತ್ತವರಲ್ಲಿ ಚಾಮರಾಜನಗರದ ಕಡೆಯಿಂದ ತೋಟದ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಕುಟುಂಬಗಳೂ ಇದ್ದವು. ಅವರ ಕಡೆಯಿಂದ ಒಂದು ಕಥೆಯಾಗಲಿ ಕಾಗದವಾಗಲಿ ಇನ್ನೂ ನನ್ನ ಕೈಗೆ ಬಂದಿಲ್ಲ. ವಯನಾಡಿನ ಕನ್ನಡ ಓದುಗರಲ್ಲಿ ಯಾರಾದರೂ ಅವರ ಮನೆಯವರನ್ನು ಬಲ್ಲವರಿದ್ದರೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಚಾಮರಾಜನಗರದ ಮಾತಿನಲ್ಲಿಯೇ ಬರೆದುಕೊಂಡು ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.